ಅಂಬಾದಾಸ ಮಾಸ್ತರರ ಮೂರು ಮೊಂಬತ್ತಿ

ನಾನು ವಿಜ್ಞಾನದ ಮಾಸ್ತರನಾದದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ. ಬಿ.ಎಸ್ಸಿ.ಯನ್ನು ಮೂರನೇ ದರ್ಜೆಯಲ್ಲಿ ದಾಟಿದವನಿಗೆ ಬಸವಕಲ್ಯಾಣದ ಶಾಲೆಯೊಂದರಲ್ಲಿ ಖಾಲಿಯಿದ್ದ ಕುರ್ಚಿ ಅದೊಂದೇ ಆಗಿತ್ತು. ಗಣಿತದ ಕುರ್ಚಿ ಖಾಲಿಯಿದ್ದರೆ ಗಣಿತವನ್ನೂ ಅಷ್ಟೇ ಶ್ರದ್ಧೆಯಿಂದ ಕೆಡಿಸುತ್ತಿದ್ದೆ. ಎರಡು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ ವಿದ್ಯೆ, ಅದೂ ಕೈಚಳಕ.

ಅದನ್ನು ಹೇಳಿಬಿಡುತ್ತೇನೆ. ನೀರು ತುಂಬಿದ ತಾಟಿನಲ್ಲಿ ಉರಿಯುವ ಮೇಣದಬತ್ತಿ, ನಮ್ಮ ಕಡೆಯ ಮಾತಿನಲ್ಲಿ ಮೊಂಬತ್ತಿ, ನಿಲ್ಲಿಸಿ, ಮೇಲೆ ಗಾಜಿನ ಬರಣಿ ಬೋರಲು ಹಾಕಿದರೆ ಬತ್ತಿ ಆರುತ್ತದೆ, ನೀರು ಒಳಗೆ ಏರುತ್ತದೆ. ಗಾಳಿಯಲ್ಲಿ ಐದನೇ ಒಂದು ಪಾಲು ಆಮ್ಲಜನಕ, ಅದು ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು ಎಂದು ನಮ್ಮ ಪುಸ್ತಕ ಹೇಳುತ್ತಿತ್ತು. ಬರಣಿಗೆ ಐದು ಗೆರೆಯ ಕಾಗದದ ಪಟ್ಟಿ ಅಂಟಿಸಿ, ನೀರು ಮೊದಲ ಗೆರೆಗೆ ನಿಂತದ್ದನ್ನು ಮಕ್ಕಳಿಗೆ ತೋರಿಸಬೇಕು. ಆದರೆ ನೀರು ಪುಸ್ತಕ ಓದಿರುವುದಿಲ್ಲ. ಒಮ್ಮೆ ಕಡಿಮೆ ಏರುತ್ತದೆ, ಒಮ್ಮೆ ಹೆಚ್ಚು. ಹೆಚ್ಚು ಏರಿದರೆ ಬರಣಿಯ ಅಂಚನ್ನು ಒಂದಿಷ್ಟು ಎತ್ತಬೇಕು. ಗುಳುಕ್ ಎಂದು ಗಾಳಿ ಒಳಹೋಗಿ ನೀರು ಗೆರೆಗೆ ಇಳಿಯುತ್ತದೆ. ತನಿಖೆಗೆ ಸಾಹೇಬರು ಬಂದ ದಿನ ನಮ್ಮ ಕಡೆಯ ವಿಜ್ಞಾನದ ಮಾಸ್ತರರೆಲ್ಲ ಮಾಡುತ್ತಿದ್ದುದು ಇದನ್ನೇ. ಹಳಬರು ಹೊಸಬರಿಗೆ ಕಲಿಸಿಕೊಟ್ಟ ಏಕೈಕ ಪ್ರಯೋಗವೂ ಇದೇ.

೧೯೭೬ರ ಬೇಸಿಗೆಯಲ್ಲಿ ಹುಮನಾಬಾದಿನಲ್ಲಿ ವಿಜ್ಞಾನ ಶಿಕ್ಷಕರಿಗೆ ಹತ್ತು ದಿನದ ತರಬೇತಿ ಇಟ್ಟರು. ಒಂದು ಮೇಜಿಗೆ ಒಬ್ಬ ಹಳಬ, ಒಬ್ಬ ಹೊಸಬ. ನನ್ನ ಪಾಲಿಗೆ ಬಂದವರು ಕೊಹಿನೂರು ಎಂಬ ಹಳ್ಳಿಯ ಅಂಬಾದಾಸ ಮಾಸ್ತರರು. ಐವತ್ತು ದಾಟಿದ ಮನುಷ್ಯ. ಬಿಳಿ ಟೋಪಿ, ಗುಂಡಿ ಹಾಕಿದ ಕಾಲರು, ಹೆಗಲಲ್ಲಿ ಬಟ್ಟೆಯ ಚೀಲ. ನನ್ನ ವಯಸ್ಸಿನವನನ್ನೂ ಬಹುವಚನದಲ್ಲಿ ಕರೆಯುತ್ತಿದ್ದರು. ವೈಜಿನಾಥ ಮಾಸ್ತರ ಎಂದು ನನ್ನನ್ನು ಕರೆದವರಲ್ಲಿ ನಗದೆ ಕರೆದವರು ಅವರೊಬ್ಬರೇ.

ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತವರು ಅವರು. ೧೯೫೬ರಲ್ಲಿ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಜೊತೆಗಿದ್ದ ಮಾಸ್ತರರಲ್ಲಿ ಕೆಲವರು ಹೈದರಾಬಾದಿಗೆ, ಕೆಲವರು ಲಾತೂರಿನ ಕಡೆ ಹೋದರು. ಇವರು ಮೂವತ್ತೈದರ ವಯಸ್ಸಿನಲ್ಲಿ ಕನ್ನಡ ಪಠ್ಯಪುಸ್ತಕ ಹಿಡಿದು ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಳ್ಳುತ್ತ ಉಳಿದರು. ಆಮೇಲೆ ಇಪ್ಪತ್ತು ವರ್ಷ ಕೊಹಿನೂರಿನ ಶಾಲೆಯಲ್ಲಿ ಅವರೊಬ್ಬರೇ ವಿಜ್ಞಾನದವರು. ಹೆಂಡತಿ ಸರುಬಾಯಿ ತೀರಿಕೊಂಡಿದ್ದರು. ಮಗಳು ಮುಕ್ತಾಬಾಯಿಯನ್ನು ನಿರ್ಣಾ ಎಂಬ ಊರಿಗೆ ಕೊಟ್ಟಿದ್ದರು. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಅವರು ಹೇಳಿದ್ದು ಎರಡೇ ನಿಮಿಷದಲ್ಲಿ. ಉಳಿದ ಹೊತ್ತೆಲ್ಲ ಮೇಣದಬತ್ತಿಯ ಮಾತು.

ಅವರನ್ನು ಕಾಡುತ್ತಿದ್ದುದು ಇಷ್ಟೇ: ಒಂದು ಬತ್ತಿ ಇಟ್ಟರೆ ನೀರು ಹೆಚ್ಚುಕಡಿಮೆ ಒಂದು ಗೆರೆ ಏರುತ್ತದೆ. ಮೂರು ಬತ್ತಿ ಇಟ್ಟರೆ ಎರಡು ಗೆರೆ ದಾಟುತ್ತದೆ. ಬರಣಿ ಅದೇ, ಒಳಗಿನ ಗಾಳಿ ಅಷ್ಟೇ. ಹಾಗಾದರೆ ಆಮ್ಲಜನಕ ಒಮ್ಮೆ ಐದನೇ ಒಂದು ಪಾಲು, ಒಮ್ಮೆ ಐದನೇ ಎರಡು ಪಾಲು ಆಗುವುದು ಹೇಗೆ? ಊರಲ್ಲಿ ಕೇಳಲು ಯಾರೂ ಇರಲಿಲ್ಲ. ಇಲಾಖೆಗೆ ನಾಲ್ಕು ಕಾಗದ ಬರೆದರು. ಒಂದಕ್ಕೆ ಮಾತ್ರ ಉತ್ತರ ಬಂತಂತೆ, ವಿಷಯವನ್ನು ಗಮನಿಸಲಾಗಿದೆ ಎಂದು. ಮುಂದಿನ ವರ್ಷ ಅವರ ನಿವೃತ್ತಿ. ಈ ತರಬೇತಿ ಕೊಡಲು ಬೀದರಿನಿಂದ ಬಂದ ಸಾಹೇಬರು ಕಣ್ಣಾರೆ ನೋಡಿ, ಯಾಕೆ ಹೀಗೆ ಎಂದು ಹೇಳಬೇಕು. ಅದಕ್ಕೇ ಆ ಚೀಲದಲ್ಲಿ ಬರಣಿಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು.

ನಾನು ತಲೆಯಾಡಿಸುತ್ತಿದ್ದೆ. ನನ್ನ ಚಿಂತೆ ಹಾಜರಿ ಪತ್ರದ್ದು, ಸಂಜೆಯ ಚಹಾದ್ದು.

ಎಂಟನೆಯ ದಿನ ಅವರಿಗೆ ಅವಕಾಶ ಸಿಕ್ಕಿತು. ಮೂರು ಬತ್ತಿ ಹಚ್ಚಿ ಬರಣಿ ಇಟ್ಟರು. ನೀರು ಎರಡನೇ ಗೆರೆ ದಾಟಿ ನಿಂತಿತು. ಇದನ್ನು ಸ್ವಲ್ಪ ನೋಡಿಕೊಂಡಿರಿ, ಸಾಹೇಬರನ್ನು ಕರೆತರುತ್ತೇನೆ ಎಂದು ಆಚೆಯ ಮೇಜಿನ ಕಡೆ ಹೋದರು.

ನಾನು ನೋಡಿಕೊಂಡೆ. ಸಾಹೇಬರ ಬೂಟಿನ ಸದ್ದು ಹತ್ತಿರ ಬಂತು. ನನ್ನ ಕೈ ಮುಂದೆ ಹೋಯಿತು. ನಾನು ಯೋಚನೆ ಮಾಡಿದೆ ಎಂದರೆ ಸುಳ್ಳು. ಯೋಚನೆ ಮಾಡುವ ಅಭ್ಯಾಸವಿದ್ದಿದ್ದರೆ ಮೂರನೇ ದರ್ಜೆ ಯಾಕೆ ಬರುತ್ತಿತ್ತು? ಬರಣಿಯ ಅಂಚು ಎದ್ದಿತು, ಗುಳುಕ್ ಎಂದಿತು, ನೀರು ಮೊದಲ ಗೆರೆಗೆ ಬಂದು ತಣ್ಣಗೆ ನಿಂತಿತು.

ಸಾಹೇಬರು ಬಗ್ಗಿ ನೋಡಿದರು.

“ಐದನೇ ಒಂದ ಪಾಲೇ ಅದ ಅಲ್ರಿ, ಮಾಸ್ತರ? ಪುಸ್ತಕದಾಗ ಇದ್ದಂಗ. ಮತ್ತ ನಿಮ್ಮ ಸವಾಲ ಏನು?”

ಪಕ್ಕದ ಮೇಜಿನವರು ನಕ್ಕರು. ಮೂರು ಬತ್ತಿಯಾದರೇನು, ಕೊಹಿನೂರಿನ ಗಾಳಿ ಬೇರೆ ಇರಬೇಕು ಎಂದ ಒಬ್ಬ. ಅಂಬಾದಾಸ ಮಾಸ್ತರರು ನನ್ನ ಕಡೆ ನೋಡಲಿಲ್ಲ, ಬರಣಿಯನ್ನೇ ನೋಡಿದರು. ಇನ್ನೊಮ್ಮೆ ಮಾಡಿ ತೋರಿಸುತ್ತೇನೆ ಎಂದದ್ದಕ್ಕೆ, ಹೊತ್ತಾಯಿತು ಎಂದು ಸಾಹೇಬರು ಮುಂದಿನ ಮೇಜಿಗೆ ಹೋದರು. ಉಳಿದ ಎರಡು ದಿನವೂ ಅವರಿಗೆ ಹೊತ್ತಾಗಿಯೇ ಇತ್ತು.

ಕೊನೆಯ ದಿನ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ, ಅಂಚು ಎತ್ತಿದವನು ನಾನೇ ಎಂದು ತೊದಲಿದೆ. ಅವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಬ್ಯಾಸರ ಇಲ್ರಿ,” ಎಂದರು. “ಇಪ್ಪತ್ತ ವರ್ಷ ಒಬ್ಬನೇ ನೋಡೀನಿ. ಅವತ್ತ ಇಬ್ಬರ ಅದೀವಿ ಅಂತ ತಿಳಕೊಂಡಿದ್ದೆ.”

ಬೈದಿದ್ದರೆ ಬಸವಕಲ್ಯಾಣ ತಲುಪುವುದರೊಳಗೆ ಮರೆಯುತ್ತಿದ್ದೆ.

ಮುಂದಿನ ಭಾನುವಾರ ಒಂದು ಪೊಟ್ಟಣ ಮೇಣದಬತ್ತಿ ಹಿಡಿದು ಕೊಹಿನೂರಿಗೆ ಹೋದೆ. ಮನೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಎರಡನೆಯವರು ಬಂದು ಕೂಡಬಹುದು ಎಂಬ ನಿರೀಕ್ಷೆ ಆ ಕೋಣೆಗೇ ಇರಲಿಲ್ಲ. ನಾನು ನೆಲದ ಮೇಲೆ ಕುಳಿತೆ. ಅವರು ಕುರ್ಚಿಯ ಮೇಲೆಯೇ ತಾಟು ಇಟ್ಟು ಮೂರು ಬತ್ತಿ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

“ವೈಜಿನಾಥ ಮಾಸ್ತರ, ಕೈ ಹಿಂದ ಕಟ್ಕೊಂಡ ಕೂಡ್ರಿ.”

ಅವರು ನಗಲಿಲ್ಲ. ನಾನು ಒಂದನೇ ಈಯತ್ತೆಯ ಹುಡುಗನಂತೆ ಕೈ ಕಟ್ಟಿದೆ. ನೆಲದಲ್ಲಿ ಕುಳಿತದ್ದರಿಂದ ತಾಟಿನ ನೀರು ನನ್ನ ಕಣ್ಣಿನ ಮಟ್ಟಕ್ಕಿತ್ತು. ಕಾಗದದ ಪಟ್ಟಿ ಅವರ ಕಡೆಗಿತ್ತು. ಕೈಗೂ ಕೆಲಸವಿಲ್ಲ, ನೋಡಲು ಗೆರೆಯೂ ಇಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಸಲ ಪ್ರಯೋಗವನ್ನೇ ನೋಡಿದೆ. ಅವರು ಬರಣಿ ಇಳಿಸಿದರು.

“ಸರ, ಕೆಳಗ ಗುಳ್ಳಿ ಬಂದ್ವು.”

“ಯಾವಾಗ?”

“ಬತ್ತಿ ಆರೂಕಿಂತ ಮೊದಲ. ನೀರು ಏರೂಕಿಂತ ಮೊದಲ.”

“ಒಳಗ ಹೋದ್ವೋ, ಹೊರಗ ಬಂದ್ವೋ?”

“ಹೊರಗ್ರಿ.”

ಮತ್ತೆ ಬತ್ತಿ ಹಚ್ಚಿದರು. ಈ ಸಲ ಬರಣಿಯನ್ನು ನನ್ನ ಕೈಗೆ ಕೊಟ್ಟು, ಮೊಣಕಾಲಿನ ಮೇಲೆ ಕೈಯೂರಿ ಕಷ್ಟಪಟ್ಟು ನೆಲಕ್ಕೆ ಕುಳಿತರು. ನಾನು ಉಸಿರು ಹಿಡಿದು ಇಳಿಸಿದೆ. ಅಂಚಿನ ಕೆಳಗಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಹೊರಬಂದವು. ಇಪ್ಪತ್ತು ವರ್ಷ ಅವರ ಕಣ್ಣು, ಮಕ್ಕಳ ಕಣ್ಣು, ತನಿಖೆಯವರ ಕಣ್ಣು ಎಲ್ಲವೂ ಮೇಲಿನ ಗೆರೆಯಲ್ಲಿ ಇದ್ದವು. ಕೆಳಗೆ ನೋಡಲು ಯಾರಿಗೂ ಬಿಡುವಿರಲಿಲ್ಲ. ಬೆಂಕಿಗೆ ಕಾದ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಆ ಜಾಗಕ್ಕೆ ನೀರು ಏರುತ್ತದೆ. ಬತ್ತಿ ಹೆಚ್ಚಾದರೆ ಕಾವು ಹೆಚ್ಚು, ಹೊರಹೋಗುವ ಗಾಳಿ ಹೆಚ್ಚು, ನೀರೂ ಹೆಚ್ಚು. ಇಬ್ಬರೂ ಕೂಡಿ ಇಷ್ಟಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು.

ಅವರು ಕುಣಿಯಬಹುದು ಎಂದುಕೊಂಡಿದ್ದೆ. ಅವರು ನೆಲದಿಂದ ಏಳಲೇ ಇಲ್ಲ.

“ಈ ಊರಾಗ ಅರ್ಧ ಮಂದಿಗಿ ನಾ ತಪ್ಪ ಕಲಿಸೀನಿ,” ಎಂದರು.

ಪುಸ್ತಕದಲ್ಲೇ ಹಾಗಿತ್ತಲ್ಲ ಸರ್ ಎಂದೆ.

“ಪುಸ್ತಕ ತಾನಾಗೇ ಕೊಹಿನೂರಿಗಿ ಬಂದಿಲ್ರಿ. ನಾ ತಂದೀನಿ.”

ಇಬ್ಬರೂ ಸಹಿ ಮಾಡಿ ಇಲಾಖೆಗೆ ಐದನೆಯ ಕಾಗದ ಬರೆದೆವು. ಈ ಸಲ ಗಮನಿಸಲಾಗಿದೆ ಎಂದೂ ಯಾರೂ ಬರೆಯಲಿಲ್ಲ. ಮರುವರ್ಷ ಅವರು ನಿವೃತ್ತರಾಗಿ ನಿರ್ಣಾದ ಮಗಳ ಮನೆಗೆ ಹೋದರು. ನಿವೃತ್ತರನ್ನು ತರಬೇತಿಗೆ ಕರೆಯುವ ಪದ್ಧತಿಯಿಲ್ಲ.

ನನಗೆ ಈಗ ಹುಮನಾಬಾದಿಗೆ ವರ್ಗವಾಗಿದೆ. ಪಟ್ಟಿಯಿಲ್ಲದ ಬರಣಿ ಇಟ್ಟು, ಮಕ್ಕಳನ್ನು ಸುತ್ತಲೂ ನೆಲದಲ್ಲಿ ಕೂಡಿಸಿ, ಏನೂ ಹೇಳದೆ, ಕಂಡದ್ದನ್ನು ಹೇಳಿ ಎನ್ನುತ್ತೇನೆ. ಪರೀಕ್ಷೆಯಲ್ಲಿ ಮಾತ್ರ ಐದನೇ ಒಂದು ಪಾಲು ಎಂದೇ ಬರೆಯಿರಿ ಎನ್ನುತ್ತೇನೆ. ನನ್ನ ಧೈರ್ಯದ ಅಳತೆ ಅಷ್ಟು. ಒಮ್ಮೆ ಶಿಕ್ಷಕರ ಕೋಣೆಯಲ್ಲಿ ಗುಳ್ಳೆಯ ಮಾತು ತೆಗೆದೆ. ನಾಗನಾಥ ಮಾಸ್ತರರು ಪತ್ರಿಕೆಯಿಂದ ತಲೆಯೆತ್ತದೆ, ಪರೀಕ್ಷೆಯ ಪೇಪರಿನಲ್ಲಿ ಬರುವುದನ್ನು ಹೇಳಿ ಮುಗಿಸಿ ಎಂದರು. ಅವರ ತಪ್ಪಿಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಅದನ್ನೇ ಅನ್ನುತ್ತಿದ್ದೆ.

ಹಾಗಾಗಿ ತಿಂಗಳಿಗೊಂದು ಭಾನುವಾರ ನಿರ್ಣಾದ ಬಸ್ಸು ಹಿಡಿಯುತ್ತೇನೆ. ಮುಕ್ತಾಬಾಯಿ ಚಹಾ ಇಟ್ಟು ಹೊಲಕ್ಕೆ ಹೋಗುತ್ತಾಳೆ. ಮಾಸ್ತರರಿಗೆ ಈಗ ಕಣ್ಣು ಪೂರ್ತಿ ಮಂಜು. ಗೋಡೆಗೆ ಒರಗಿ ಕುಳಿತಿರುತ್ತಾರೆ. ಕನ್ನಡಿಯೋ, ಸೂಜಿಗಲ್ಲೋ, ಮೊಳಕೆಯೊಡೆದ ಕಡಲೆಯೋ, ಆ ತಿಂಗಳು ತರಗತಿಯಲ್ಲಿ ಮಾಡಿದ್ದನ್ನು ಅವರ ಮುಂದೆ ಮಾಡಿ, ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

“ಮತ್ತ?” ಎನ್ನುತ್ತಾರೆ.

ನಾನು ಇನ್ನೊಮ್ಮೆ ಬಗ್ಗಿ ನೋಡುತ್ತೇನೆ.