ಒಂದನೇ ನಂಬರಿನ ಪಿನ್ನು

ಮೈಸೂರಿನಲ್ಲಿ ಬೆಳಿಗ್ಗೆ ಏಳೂವರೆಗೆ ಚಾಮರಾಜನಗರದ ಬಸ್ಸು ಹತ್ತಿದೆ. ಅರವತ್ತು ಕಿಲೋಮೀಟರ್ ದಾರಿ. ಹೆಂಗಸರಿಗೆ ಟಿಕೆಟ್ಟಿಗೆ ಕಾಸು ಬೇಡ, ಆದರೆ ಸೀಟೂ ಇಲ್ಲ; ನಂಜನಗೂಡಿನವರೆಗೆ ನಿಂತೇ ಹೋದೆ.

ವಿಮಾನದ ಬಿಡಿಭಾಗಗಳನ್ನು ಅಳೆದು ಸಹಿ ಹಾಕುವುದು ನನ್ನ ಕೆಲಸ. ಆಫೀಸಿನಲ್ಲಿ ನನ್ನನ್ನು 'ಅಳತೆಪಟ್ಟಿ' ಎಂದೇ ಆಡಿಕೊಳ್ಳುತ್ತಾರೆ. ನೌಕಾಪಡೆಯ ಕೆಲವು ವಿಮಾನಗಳು ಸಮುದ್ರದ ಮೇಲೆ ತಗ್ಗಿನಲ್ಲಿ ಹಾರುತ್ತಾ ಶತ್ರುಗಳ ಜಲಾಂತರ್ಗಾಮಿಗಳನ್ನು ಹುಡುಕುತ್ತವೆ. ನೀರೊಳಗಿನ ಸದ್ದು ಕೇಳುವ ಕೊಳವೆಗಳನ್ನು ಹೊಟ್ಟೆಯ ಬಾಗಿಲಿನಿಂದ ಸಮುದ್ರಕ್ಕೆ ಬಿಡುತ್ತವೆ. ಆ ಬಾಗಿಲನ್ನು ಹಿಡಿದಿಡುವ ಬೆರಳುದ್ದದ ಪಿನ್ನು ತಯಾರಾಗುವುದು ಚಾಮರಾಜನಗರದ ಒಂದು ಪುಟ್ಟ ವರ್ಕ್‌ಶಾಪಿನಲ್ಲಿ. ಯಾವುದಕ್ಕೆ ಎಂದು ಅಲ್ಲಿ ಯಾರಿಗೂ ಹೇಳುವಂತಿಲ್ಲ. ನಕ್ಷೆಯ ಮೇಲೆ ನಂಬರು ಮಾತ್ರ.

ಹಿಂದಿನ ಕಂತಿನ ಹನ್ನೆರಡು ಪಿನ್ನುಗಳ ರಿಜಿಸ್ಟರಿನಲ್ಲಿ ಲೇತ್ ನಡೆಸುವ ನಿಂಗರಾಜಣ್ಣನ ಸಹಿ ಬಿಟ್ಟುಹೋಗಿತ್ತು. ಅವರು ರಜೆಯಲ್ಲಿದ್ದಾರೆ ಎಂದು ವರ್ಕ್‌ಶಾಪಿನಲ್ಲಿ ಹೇಳಿದರು. ಇಡ್ಲಿ ತಿಂದು, ಅವರ ಊರಿಗೆಂದು ಗುಂಡ್ಲುಪೇಟೆಯ ಬಸ್ಸು ಹಿಡಿದೆ. ತೆರಕಣಾಂಬಿ ದಾಟಿದ ಮೇಲೆ ತುಂತುರು ಶುರುವಾಯಿತು. ಹೊಲಗಳಲ್ಲಿ ಕೇರಳಕ್ಕೆ ಹೋಗುವ ಚೆಂಡುಹೂವು. ಗುಂಡ್ಲುಪೇಟೆಯಿಂದ ಭೀಮನಬೀಡಿಗೆ ಆಟೋದಲ್ಲಿ ಮೂವತ್ತು ರೂಪಾಯಿ.

ನಿಂಗರಾಜಣ್ಣ ಸಹಿ ಹಾಕಿಕೊಟ್ಟರು. ಅವರ ಹೆಂಡತಿ ಚಿಕ್ಕತಾಯಮ್ಮ ಕಾಫಿ ತಂದರು. ಲೋಟ ತೆಗೆದುಕೊಳ್ಳುವಾಗ ದೇವರ ಗೂಡಿನ ಕಡೆ ನೋಡಿದೆ. ಮಾದಪ್ಪನ ಪಟದ ಮುಂದೆ ಕುಂಕುಮ ಹಚ್ಚಿದ ಅಂಥದೇ ಒಂದು ಪಿನ್ನು ಥಳಥಳ ಹೊಳೆಯುತ್ತಿತ್ತು.

"ಇದೇನು ನಿಂಗರಾಜಣ್ಣ?"

"ಆ ಹನ್ನೆರಡ್ರಲ್ಲಿ ಒಂದ್ನೇದು ಮೇಡಮ್ಮೋರೆ. ಹೊಸ ಕೆಲ್ಸದ್ ಮೊದಲ್ನೇದು ದೇವ್ರಿಗ. ನಮ್ಮಪ್ಪನ್ ಕಾಲ್ದಿಂದ್ಲೂ ಹಂಗೇಯ."

"ಪೆಟ್ಟಿಗೆಯಲ್ಲಿ ಹನ್ನೆರಡೂ ಇದ್ದವಲ್ಲ?"

"ಮಿಸಿನ್ ಹೊಂದಿಸ್ವಾಗ ತೆಗ್ದಿದ್ ಪೀಸ್ಗ ಒಂದು ಅಂತ ನಂಬ್ರ ಕೊರ್ದು ಹಾಕ್ಬುಟ್ಟಿ. ಒಂದ್ ಸಣ್ಣ ಗೀರಿತ್ತು ಅಷ್ಟೇಯ. ದೇವ್ರಿಗ ಊನ ಇರೋದ್ನ ಮಡಗಕ್ಕಾದ್ದಾ?"

ಹೇಳಬಾರದ್ದನ್ನು ಹೇಳಿದೆ: ಅದು ವಿಮಾನದ್ದು, ಒಳಗೆ ಜನ ಇರುತ್ತಾರೆ, ಗೀರಿನಿಂದಲೇ ಬಿರುಕು ಹುಟ್ಟುವುದು. ಅವರು ಪಟದ ಮುಂದಿನ ಪಿನ್ನನ್ನು ತೆಗೆದು ನನ್ನ ಕೈಗಿಟ್ಟರು.

"ಪಂಪ್‌ಸೆಟ್ ಸಾಮಾನು ಅನ್ಕಂಡಿದ್ದಿ. ಯಾರೂ ಹೇಳ್ನಿಲ್ವಲ್ಲ."

ಅಂಗಳಕ್ಕೆ ಬಂದು ಆಫೀಸಿಗೆ ಫೋನು ಮಾಡಿದೆ. ಅರ್ಧ ಗಂಟೆಯ ಮೇಲೆ ಉತ್ತರ ಬಂತು: ಒಂದನೇ ನಂಬರಿನದನ್ನು ಆಗಲೇ ವಿಮಾನಕ್ಕೆ ಹಾಕಿದ್ದಾರೆ, ವಿಮಾನ ಈಗ ಸಮುದ್ರದ ಮೇಲಿದೆ, ವಾಪಸು ಕರೆಸುತ್ತಿದ್ದಾರೆ.

ನಿಂಗರಾಜಣ್ಣ ಅಂಗಿ ಹಾಕಿಕೊಂಡು ನನ್ನ ಜೊತೆಗೇ ಗುಂಡ್ಲುಪೇಟೆಗೆ ಬಂದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಎರಡು ಮೈಸೂರು ಬಸ್ಸು ಬಂದು ಹೋದವು. ಫೋನು ಬರುವವರೆಗೆ ಹತ್ತುವುದು ಬೇಡವೆಂದುಕೊಂಡೆ. ಮಾದಪ್ಪನ ಮುಂದಿದ್ದ ಪಿನ್ನು ಈಗ ನನ್ನ ಕೈಯಲ್ಲಿತ್ತು. ಚೀಲದಲ್ಲಿದ್ದ ಮಾಪಕದಿಂದ ಅಳೆದು ನೋಡಿದೆ, ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ ಅದನ್ನು ವಿಮಾನಕ್ಕೆ ಹಾಕುವಂತಿಲ್ಲ, ದೇವರ ಗೂಡಿನಿಂದ ಬಂದದ್ದಕ್ಕೆ ಕಾಗದಪತ್ರ ಎಲ್ಲಿಂದ ತರಲಿ.

ಮೂರೂ ಹತ್ತಕ್ಕೆ ಫೋನು ಬಂತು.

"ಇಳಿಯಿತು" ಎಂದೆ. "ಪಿನ್ನು ಅರ್ಧದವರೆಗೆ ಸೀಳಿದೆಯಂತೆ."

"ಎಷ್ಟ್ ಜನ ಇದ್ರು ಅದ್ರಲ್ಲಿ?"

"ಎಂಟು."

ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಒಂದ್ನೇದ ನೀವು ಅಳತ ಮಾಡುದ್ರಲ್ಲ ಮೇಡಮ್ಮೋರೆ, ಗೀರು ಕಾಣ್ನಿಲ್ವಾ?"

"ನಿಮ್ಮ ಕೈಕೆಲಸ ಅಲ್ವಾ ಅಂತ ಒಂದನೆಯದನ್ನ ಅಳೆಯಲಿಲ್ಲ ನಿಂಗರಾಜಣ್ಣ. ಉಳಿದ ಹನ್ನೊಂದೂ ಸರಿಯಾಗಿದ್ದವು."

ಮುಂದಿನ ಬಸ್ಸು ಹತ್ತಿ ಕಿಟಕಿಯಿಂದ ನೋಡಿದಾಗ ಅವರು ಬೆಂಚಿನ ಮೇಲೇ ಕುಳಿತಿದ್ದರು. ನನ್ನ ಚೀಲದಲ್ಲಿ ಆ ರಿಜಿಸ್ಟರಿತ್ತು. ಅವರ ಹೊಸ ಸಹಿಯ ಮೇಲೆ ಹನ್ನೆರಡು ಅಳತೆಗಳು, ಹನ್ನೆರಡೂ ನನ್ನ ಕೈಬರಹ.