ಒತ್ತುವವರ ಪರವಾಗಿ ನಿಂತ ಗುಂಡಿ ಮೇಡಂ

ವ್ಯಾಪಾರಿಗಳಿಗೆ ಜಾಲತಾಣ ರೂಪಿಸಿಕೊಡುವ ನಮ್ಮ ಕ್ಷೇತ್ರದಲ್ಲಿ ಗ್ರಾಹಕರು ಬೀಳಲೆಂದು ಗುಂಡಿ ತೋಡುವವರಿಗೆ ಬರವಿಲ್ಲ. ಗ್ರಾಹಕರು ತಾವಾಗಿ, ಮನಸ್ಸಿಟ್ಟು ಒತ್ತುವಂಥ ಗುಂಡಿ ಇಡಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಪುಟದಲ್ಲಿ 'ಕೊಳ್ಳಿ', 'ಕರೆ ಮಾಡಿ', 'ಸೇರಿಕೊಳ್ಳಿ' ಎಂದು ಕರೆಯುವ ಆ ಪುಟ್ಟ ಬಣ್ಣದ ಚೌಕಕ್ಕೆ ತಮ್ಮ ವೃತ್ತಿಜೀವನವನ್ನೇ ಮುಡಿಪಾಗಿಟ್ಟು ಇದೀಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ವಿನ್ಯಾಸಕಿ ಆ ವಿರಳರಲ್ಲಿ ಮೊದಲಿಗರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಎದುರಿಗೇ 'ಗುಂಡಿ ಮೇಡಂ' ಎನ್ನುತ್ತಿದ್ದೆವು. ಅವರೂ ಬಿರುದು ಬಂದವರಂತೆ ಗಂಭೀರವಾಗಿ 'ಓ' ಎನ್ನುತ್ತಿದ್ದರು.

ಮುದ್ರಣಾಲಯವೊಂದರಲ್ಲಿ ಜಾಹೀರಾತು ಜೋಡಿಸುತ್ತಿದ್ದ ಅವರು ನಮ್ಮ ಸಂಸ್ಥೆಗೆ ಬಂದಾಗ ಇಲ್ಲಿದ್ದದ್ದು ಒಂದು ಕೋಣೆ, ಗೊರಕೆ ಹೊಡೆಯುವ ಒಂದು ಫ್ಯಾನು. ನಾನು ಅವರ ಕೈಕೆಳಗೆ ಸೇರುವ ಹೊತ್ತಿಗೆ ಕೋಣೆಗಳು ಹೆಚ್ಚಿದ್ದವು, ಫ್ಯಾನು ಅದೇ ಇತ್ತು. ಅಧ್ಯಾಪಕರ ಧ್ವನಿ ಅನುಕರಿಸಿ ಕಾಲೇಜಿನಲ್ಲಿ ಬೈಸಿಕೊಂಡಿದ್ದ ನನಗೆ, ಆ ವಿದ್ಯೆಗೂ ಸಂಬಳ ಉಂಟೆಂದು ತೋರಿಸಿಕೊಟ್ಟವರು ಅವರೇ. ಗುಂಡಿಯ ಮೇಲೆ ಯಾವ ಮಾತು ಬರೆದರೂ ನನ್ನನ್ನು ಕರೆಯುತ್ತಿದ್ದರು.

"ಎಲ್ಲಿ, ಇದು ಹೇಗೆ ಮಾತಾಡುತ್ತೆ, ಆಡಿ ತೋರ್ಸು."

'ಸಲ್ಲಿಸಿ' ಎಂಬುದನ್ನು ನಾನು ಕನ್ನಡಕ ಮೂಗಿನ ತುದಿಗಿಳಿಸಿದ ಗುಮಾಸ್ತನಂತೆ ಆಡಿದೆ.

"ಥೂ, ಊಟದ ಹೊತ್ತಲ್ಲಿ ಬಂದವರನ್ನ ಓಡಿಸೋ ಹಾಗಿದೆ. ಬೇರೆ ಹುಡುಕು!"

ಅವರ ನಿಜವಾದ ಎತ್ತರ ನನಗೆ ಕಂಡದ್ದು ಪಾದರಕ್ಷೆಯ ಅಂಗಡಿಯ ಅಣ್ಣತಮ್ಮಂದಿರು ಬಂದ ದಿನ. ಎರಡು ಕಾಲು ಎರಡು ಅಳತೆಯಲ್ಲಿರುವವರಿಗೆ, ಒಂದು ಕಾಲು ಗಿಡ್ಡವಾದವರಿಗೆ ಅಣ್ಣ ಕೈಯಾರೆ ಬೂಟು ಹೊಲಿಯುತ್ತಿದ್ದ; ತಮ್ಮ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಅವರ ಪುಟದಲ್ಲಿ ತಮ್ಮನ ಕೆಂಪು ಗುಂಡಿ 'ಈಗಲೇ ಖರೀದಿಸಿ' ಎಂದು ಅರಚುತ್ತಿತ್ತು. ಪಕ್ಕದಲ್ಲೇ ಅಷ್ಟೇ ಗಾತ್ರದ ಅಣ್ಣನ ಗುಂಡಿ 'ನಮ್ಮ ಕುಶಲತೆ ನೋಡಿ' ಎಂದು ಬೇಡುತ್ತಿತ್ತು. ಪುಟದ ಮೇಲೇ ಆಸ್ತಿ ಪಾಲಾದಂತಿತ್ತು. ಜನ ಬಂದು ನೋಡಿ ಹೋಗುತ್ತಿದ್ದರು, ಯಾರೂ ಒತ್ತುತ್ತಿರಲಿಲ್ಲ. ಈ ಕೊನೆಯ ಪ್ರಯತ್ನವೂ ಕೈಕೊಟ್ಟರೆ ಅಂಗಡಿಗೆ ಬೀಗ ಹಾಕಿ ತಾನು ಬೂಟಿನ ಕಾರ್ಖಾನೆಗೆ ಸೇರುವುದೆಂದು ತಮ್ಮ ನಿರ್ಧರಿಸಿಬಿಟ್ಟಿದ್ದ. ಅಣ್ಣನೊಬ್ಬನಿಂದ ಅಂಗಡಿ ನಡೆಯುವಂತಿರಲಿಲ್ಲ.

"ನನ್ನ ಗುಂಡಿ ಇನ್ನೂ ದೊಡ್ಡದು ಮಾಡಿ ಮೇಡಂ. ಇನ್ನೂ ಕೆಂಪಗೆ!"

"ಅದಕ್ಕೇ ಕಣೋ ಜನ ಹೆದರಿ ಓಡ್ತಿರೋದು."

"ನಿನ್ನದು ನೋಡಿ ನಿದ್ದೆ ಹೋಗ್ತಿದಾರಲ್ಲ, ಅದಕ್ಕೇನಂತೀಯ?"

ಮೇಡಂ ಇಬ್ಬರ ಪಕ್ಷವನ್ನೂ ವಹಿಸಲಿಲ್ಲ. ಕೆಳಮಹಡಿಯಲ್ಲಿ ಪಿಟೀಲು ಕಲಿಸುತ್ತಿದ್ದ, ಒಂದು ಕಾಲು ತುಸು ಗಿಡ್ಡವಿದ್ದ ಟೀಚರನ್ನು ಕರೆದು, ಫೋನಿನಲ್ಲಿ ಆ ಪುಟ ತೆರೆದುಕೊಟ್ಟು, "ನಿಮಗೊಂದು ಜೊತೆ ಬೂಟು ಬೇಕು ಅಂದ್ಕೊಳ್ಳಿ" ಎಂದರು. ನಮಗೆಲ್ಲ ಎರಡೂ ಅಂಗೈ ತೊಡೆಯ ಕೆಳಗಿಟ್ಟು ಕೂರುವ ಅಪ್ಪಣೆಯಾಯಿತು. ಯಾರೂ ಬೆರಳು ತೋರಿಸಕೂಡದೆಂಬ ಕಾರಣಕ್ಕೆ ಅವರು ಕಚೇರಿಯಲ್ಲಿ ತಂದಿದ್ದ ಪದ್ಧತಿ ಅದು. ಟೀಚರ ಹೆಬ್ಬೆರಳು ಕೆಂಪು ಗುಂಡಿಯ ತನಕ ಹೋಯಿತು, ನಿಂತಿತು, ಹಿಂದೆ ಸರಿಯಿತು. ಫೋನು ಮೇಜಿಗಿಳಿಯಿತು.

"ಅಲ್ಲೇ ಇದೆಯಲ್ಲ ಟೀಚರ್, ಒತ್ತೀ!" ಎಂದು ತಮ್ಮ ಕೂತಲ್ಲೇ ಕುದಿದ. ಮೇಡಂ ಒಮ್ಮೆ ನೋಡಿದರು, ತಣ್ಣಗಾದ.

"ಯಾಕೆ ಬಿಟ್ರಿ?"

"ಒತ್ತಿದ್ರೆ ಯಾವುದೋ ಒಂದು ಜೊತೆ ಮನೆಗೆ ಬಂದುಬಿಡುತ್ತೆ ಅನಿಸ್ತಮ್ಮ. ನನ್ನ ಕಾಲನ್ನ ಯಾರೂ ನೋಡೇ ಇಲ್ಲವಲ್ಲ."

ಮೇಡಂ ಅಲ್ಲೇ ಕೂತು ಎರಡೂ ಗುಂಡಿಗಳನ್ನು ಅಳಿಸಿ, ಪುಟದಲ್ಲಿ ಬೇರೆಲ್ಲೂ ಇಲ್ಲದ ಕಡುನೀಲಿಯಲ್ಲಿ, ಸುತ್ತ ಧಾರಾಳವಾಗಿ ಖಾಲಿ ಜಾಗ ಬಿಟ್ಟು ಒಂದೇ ಒಂದನ್ನು ಇಟ್ಟರು: 'ನನ್ನ ಕಾಲಿನ ಅಳತೆ ಕೊಡಬೇಕು'. ಅದರಡಿ ಸಣ್ಣಕ್ಷರದಲ್ಲಿ: 'ಒತ್ತಿದರೆ ನಾವು ಕರೆ ಮಾಡಿ ದಿನ ಗೊತ್ತುಮಾಡುತ್ತೇವೆ. ಹಣದ ಮಾತು ಆಮೇಲೆ.'

"ಗುಂಡಿ ಮೇಲಿನ ಮಾತು ಅಂಗಡಿಯವರದ್ದಲ್ಲಪ್ಪ, ಒತ್ತೋರದ್ದು," ಎಂದರು ಅಣ್ಣತಮ್ಮಂದಿರಿಗೆ. "ಒತ್ತಿದ ಮೇಲೆ ಏನಾಗುತ್ತೆ ಅನ್ನೋದು ಒತ್ತೋ ಮೊದಲೇ ಅವರಿಗೆ ಗೊತ್ತಿರಬೇಕು."

ರೂಢಿಯಂತೆ ನನ್ನತ್ತ ತಿರುಗಿದರು. ಜಗತ್ತಿನ ಧ್ವನಿಯೆಲ್ಲ ನನ್ನ ಗಂಟಲಲ್ಲಿದೆಯೆಂದು ಬೀಗುತ್ತಿದ್ದವನಿಗೆ ಅಂದು ಒಂದೂ ಒದಗಲಿಲ್ಲ. ಟೀಚರ್ ತಾವೇ ಅದನ್ನು ತಮ್ಮ ಮಾತೆಂಬಂತೆ ಮೆಲ್ಲಗೆ ಓದಿಕೊಂಡು, ಒತ್ತಿಬಿಟ್ಟರು.

ತಮ್ಮನ ಜೇಬಿನಲ್ಲಿ ಫೋನು ಕಿಣಿಗುಟ್ಟಿತು. ತೆಗೆದು ನೋಡಿದ, ಎದುರಿಗೇ ಕೂತಿದ್ದ ಟೀಚರನ್ನು ನೋಡಿದ, ಮೂಗೊರೆಸಿಕೊಂಡು, "ಅಣ್ಣಾ, ಅಳತೆ ಟೇಪು ತಂದಿದೀಯೇನೋ?" ಎಂದ. ಅವನು ಕಾರ್ಖಾನೆಗೆ ಹೋಗಲಿಲ್ಲ. ಇವತ್ತಿಗೂ ಆ ಅಂಗಡಿಗೆ ಕರೆ ಮಾಡಿದರೆ ಎತ್ತುವವನು ಅವನೇ.

ಅಂಥ ಮೇಡಂ ಅವರ ಕಣ್ಣಿನ ಹೊಳಪು ಕುಂದದಿರಲಿ. ಅವರ ಆಯುಷ್ಯದ ಪುಟ ಕೆಳಕ್ಕೆಳೆದಷ್ಟೂ ಬೆಳೆಯುತ್ತಲೇ ಹೋಗಲಿ. ವಿಶ್ರಾಂತಿಯ ಹಾರೈಕೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಲೇಖನಕ್ಕೆಂದು ಮಾತಾಡಿಸಲು ಹೋದಾಗ ಅವರು ತಲೆಯೆತ್ತದೆ ಯಾರೋ ಹಲ್ಲಿನ ವೈದ್ಯೆಯ ಪುಟ ನೋಡುತ್ತಿದ್ದರು.

"ಆರು ಗುಂಡಿ ಇಟ್ಟಿದಾರೆ ಕಣೋ. ಬರೋರಿಗೆ ಹಲ್ಲು ನೋವು, ಜೊತೆಗೆ ಕುರ್ಚಿ ಹತ್ತೋಕೆ ಭಯ. ಪಾಪ, ಅವರು ಯಾವುದನ್ನ ಒತ್ತಬೇಕು ಹೇಳು?"