ಬಿಚ್ಚಿ ಹೊಲಿದ ಕುಲಾವಿ

ದೊಡ್ಡಮ್ಮನ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಇತ್ತು. ನೂಲು ಕಡಿದು ಕಡಿದು ಆದದ್ದು. ಕತ್ತರಿ ಬಟ್ಟೆಗೆ ಮಾತ್ರ. ಅದನ್ನೂ ಕಣ್ಣಂದಾಜಿನಲ್ಲಿ ಓಡಿಸುತ್ತಿರಲಿಲ್ಲ. ನೇಯ್ಗೆಯಿಂದ ಒಂದೆಳೆ ಮೆಲ್ಲಗೆ ಎಳೆದು ತೆಗೆದು, ಅದು ಬಿಟ್ಟ ಗೆರೆಯ ಮೇಲೆ ಕತ್ತರಿಸುತ್ತಿದ್ದರು. ಕೂಸಿನ ಬಟ್ಟೆ ಹೊಲಿಯುವಾಗ ನೂಲಿಗೆ ಗಂಟು ಹಾಕುತ್ತಿರಲಿಲ್ಲ, ಹೊಲಿಗೆಯ ಅಂಚು ಯಾವಾಗಲೂ ಹೊರಗಡೆಗೆ. "ಚುಚ್ಚಿದ್ರೆ ಅದಕ್ಕೆ ಬಾಯಿಬಿಟ್ಟು ಹೇಳೋಕಾಗತ್ತೇನೇ?" ಎನ್ನುತ್ತಿದ್ದರು.

ಮುಳಬಾಗಿಲಿನ ಆ ಮನೆಯ ಮಕ್ಕಳೆಲ್ಲ ನಾಮಕರಣಕ್ಕೆ ತೊಡುತ್ತಿದ್ದದ್ದು ಒಂದೇ ಕುಲಾವಿ, ಮುತ್ತಜ್ಜಿಯ ರೇಷ್ಮೆ ಸೀರೆಯದು. ತೊಂಬತ್ತರ ದಶಕದ ಕೊನೆಯಲ್ಲಿ ದೊಡ್ಡಮ್ಮನ ಇಬ್ಬರು ಗಂಡುಮಕ್ಕಳು ಬೇರೆಯಾದರು. ಕಿರಿಯವನು ಮಾಲೂರಿಗೆ ಹೋದ. ಸೊಸೆಯರು ಮಾತು ಬಿಟ್ಟರು. ಮರುವರ್ಷ ಇಬ್ಬರೂ ಬಸುರಿಯರು.

ಕಿರಿಯ ಸೊಸೆ ಕುಲಾವಿ ಕೇಳಲು ಬಂದಾಗ ನಾನು ಅಲ್ಲಿದ್ದೆ.

"ಮನೆ ಬಿಟ್ಟೋದೋರಿಗೆ ಮನೆ ಕುಲಾವಿ ಯಾಕಂತೆ?" ಹಿರಿಯವಳು ನನ್ನನ್ನು ಕೇಳಿದಳು.

"ನನ್ನ ಮಗು ಬೇರೆ ಮನೇದಾ? ನೀವೇ ಕೇಳಿ," ಕಿರಿಯವಳೂ ನನಗೇ ಹೇಳಿದಳು.

ದೊಡ್ಡಮ್ಮ ಕುಲಾವಿ ತಂದು, ಸೂಜಿಮೊನೆಯಿಂದ ಹೊಲಿಗೆ ಬಿಚ್ಚತೊಡಗಿದರು.

"ಅಯ್ಯೋ ಅತ್ತೆ, ಹಾಳಾಯ್ತು!" ಇಬ್ಬರೂ ಕೂಗಿಕೊಂಡರು.

"ಏಮೇ, ಬಿಚ್ಚೋಕಾಗದೆ ಇದ್ರೆ ಅದು ಹೊಲಿಗೆ ಅಲ್ಲ, ಅಂಟು," ಎಂದರು. ಸಿಟ್ಟು ಬಂದಾಗ ಅವರ ಬಾಯಲ್ಲಿ ಹೀಗೆ ತೆಲುಗು ಇಣುಕುತ್ತಿತ್ತು. ತುಂಡುಗಳನ್ನು ಮಡಿಲಲ್ಲಿ ಹರಡಿದರು. ಹಿಂಬದಿಯದು ಅವರದೇ ಧಾರೆ ಸೀರೆ. ಕಿವಿಯ ಮೇಲಿನದು ಅವರ ಅತ್ತೆಯದು. ಮುತ್ತಜ್ಜಿಯದಾಗಿ ಉಳಿದದ್ದು ಹಣೆಯ ಮೇಲಿನ ಕಿರುಪಟ್ಟಿ ಮಾತ್ರ. ಜೀರ್ಣವಾದ ಭಾಗವನ್ನು ಆಯಾ ಕಾಲದ ಸೊಸೆಯರ ಸೀರೆಯಿಂದ ತುಂಬುತ್ತ ಬಂದಿದ್ದರು.

"ಇಷ್ಟಕ್ಕಾ ಕಿತ್ತಾಡ್ತಿರೋದು? ನಿಮ್ಮ ನಿಮ್ಮ ಧಾರೆ ಸೀರೆ ತನ್ನಿ."

ಸೀರೆಗಳು ಬಂದ ಮೇಲೆ ಪಟ್ಟಿಯನ್ನು ಎರಡು ಮಾಡಿ, ಎರಡು ಕುಲಾವಿ ಹೊಲಿದರು. ಎರಡರಲ್ಲೂ ಇಬ್ಬರ ಸೀರೆಯೂ ಇತ್ತು. ಮಕ್ಕಳು ತೊಟ್ಟವು. ಸೊಸೆಯರು ಆಗಲೂ ಮಾತಾಡಲಿಲ್ಲ. ಕೇಳಿದರೆ ದೊಡ್ಡಮ್ಮ, "ಬಟ್ಟೆ ಆದ್ರೆ ಸೇರಿಸ್ತೀನಪ್ಪ. ಬಾಯಿ ಅವರವರದು," ಎಂದರು.

ಕೆಲವು ವರ್ಷಗಳ ನಂತರ ದೊಡ್ಡಮ್ಮ ತೀರಿಕೊಂಡರು. ಆಮೇಲೆ ಮಾಲೂರಿನವಳಿಗೆ ಎರಡನೆಯ ಮಗುವಾಯಿತು. ಅಷ್ಟರಲ್ಲಿ ಅವಳ ಕುಲಾವಿಯ ಹಣೆಪಟ್ಟಿ ಹರಿದಿತ್ತು, ರಿಪೇರಿ ಮಾಡುವವರಿರಲಿಲ್ಲ. ನಾಮಕರಣಕ್ಕೆ ಹಿರಿಯವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಬಂದವಳು ತೊಟ್ಟಿಲ ಬಳಿ ಕುಳಿತು, ಕುಲಾವಿಯನ್ನು ತಿರುಗಿಸಿ ನೋಡಿದಳು.

"ಸೂಜಿ ಎಲ್ಲಿಟ್ಟಿದ್ದೀಯೇ?"

ಕಿರಿಯವಳು ಹೊಲಿಗೆ ಡಬ್ಬಿ ತಂದು ಎದುರು ಕುಳಿತಳು. "ದಪ್ಪ ನೂಲು ಬೇಡ ಅಕ್ಕ."

ಮುಹೂರ್ತ ಮೀರುತ್ತದೆಂದು ಪುರೋಹಿತರು ಎಷ್ಟು ಕೂಗಿದರೂ ಇಬ್ಬರೂ ಏಳಲಿಲ್ಲ.